ಫ್ಯೂಸ್ ನಿನ್ನ ಜೇಬಿನಲ್ಲಿರಲಿ

ನುಜಹತ್‌ಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು. ಊರು ಬೇರೆ, ದನಿ ಬೇರೆ, ಹಾಡು ಮಾತ್ರ ಹಾಡಿದ್ದೇ ಹಾಡು.

“ಮೇಡಂ, ನೆಟ್ ಇಲ್ಲ ಅಂತ ಬರ್ತೈತೆ.”

“ಅದಕ್ಕೆ ನೆಟ್ ಬ್ಯಾಡ ರೀ. ಅದರಾಗೆ ನೆಟ್ ಇರಾದೇ ಇಲ್ಲ.”

“ವೈಫೈ ಐತೆ ಮೇಡಂ, ನೆಟ್ ಇಲ್ಲ.”

“ಹೌದು ರೀ. ವೈಫೈ ಇರ್ತೈತೆ, ನೆಟ್ ಇರಲ್ಲ. ಅದು ಇರಾದೇ ಹಂಗೆ.”

“ಹಂಗಾದ್ರೆ ನೆಟ್ ಯಾವಾಗ ಬರ್ತೈತೆ?”

ಇಂಥವರಿಗೆ ಏನಂತ ಹೇಳುವುದು? ಅವಳು ಮಾಡಿ ಕೊಡುವುದು ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ. ಒಳಗೆ ಅಂಗೈ ಅಗಲದ ಬೋರ್ಡು. ಆ ಬೋರ್ಡು ತನ್ನ ವೈಫೈಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ತನ್ನ ಪುಟವನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ. ಫೋನಿನಿಂದ ಆ ವೈಫೈ ಹಿಡಿದು ಒಂದು ವಿಳಾಸ ಒತ್ತಿದರೆ ಪುಟ ತೆರೆಯುತ್ತದೆ. ಮಿಷನ್ನಿನ ಕಾವು ಎಷ್ಟು, ಫ್ಯಾನು ತಿರುಗುತ್ತಿದೆಯೋ ನಿಂತಿದೆಯೋ, ಕೆಳಗೆ ‘ಚಾಲೂ’ ಎಂದು ಹಸಿರು, ‘ಬಂದ್’ ಎಂದು ಕೆಂಪು. ಅಷ್ಟೇ. ಟವರ್ ಬೇಡ, ಸಿಮ್ ಬೇಡ, ರೀಚಾರ್ಜ್ ಬೇಡ. ಆದರೆ ಈಗಿನ ಫೋನುಗಳಿಗೆ ಮಹಾ ಕೊಬ್ಬು. ನೆಟ್ ಇಲ್ಲದ ವೈಫೈ ಸಿಕ್ಕಿದರೆ ಮುಖ ತಿರುಗಿಸಿಕೊಂಡು ತಮ್ಮ ಪಾಡಿಗೆ ಸಿಮ್ಮಿನ ಡೇಟಾಕ್ಕೆ ಹೋಗಿಬಿಡುತ್ತವೆ. ಆಗ ಪುಟ ತೆರೆಯುವುದಿಲ್ಲ. ಡೇಟಾ ಬಂದ್ ಮಾಡಿ ಒತ್ತಿರಿ ಎಂದು ಅವಳು ದೊಡ್ಡ ಅಕ್ಷರದಲ್ಲಿ ಚೀಟಿ ಮಾಡಿಸಿ ಪ್ರತಿ ಪೆಟ್ಟಿಗೆಯ ಮೇಲೂ ಅಂಟಿಸುತ್ತಾಳೆ. ಆ ಚೀಟಿಗೇ ಸರಿಯಾಗಿ ವಿಭೂತಿ ಬಳಿದು, ಅದರ ಮೇಲೆ ಕುಂಕುಮ ಇಟ್ಟು, ಆಮೇಲೆ ಅವಳಿಗೆ ಫೋನ್ ಮಾಡುತ್ತಾರೆ. ಮೆಕ್ಕೆಜೋಳ ಒಣಗಿಸುವ ಶೆಡ್ಡಿಗೆ ಪೆಟ್ಟಿಗೆ ಹಾಕಿಸಿಕೊಂಡ ಜಗಳೂರಿನ ಒಬ್ಬ ಪುಣ್ಯಾತ್ಮನಿಗೆ ಇದನ್ನು ಹನ್ನೊಂದು ಸಲ ಹೇಳಿದ್ದಳು. ಹನ್ನೆರಡನೆಯ ಸಲ ಅವನು, “ದೊಡ್ಡ ಪ್ಯಾಕೇ ಹಾಕಿಸೀನಿ ಮೇಡಂ, ಆದ್ರೂ ಬರ್ತಿಲ್ಲ” ಎಂದ. ಅವಳು ಫೋನನ್ನು ಕೆಳಗಿಟ್ಟು ಹಣೆ ಹಣೆ ಬಡಿದುಕೊಂಡಳು.

ಚನ್ನಗಿರಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ‘ಪೀರ್‌ಸಾಬ್ ಮೋಟಾರ್ ವೈಂಡಿಂಗ್’ ಎಂಬ ಬೋರ್ಡು ಇರುವ ಅಂಗಡಿ ಅವಳದು. ಬೋರ್ಡಿನ ಮೇಲಿರುವುದು ಅಪ್ಪನ ಹೆಸರು. ಅಪ್ಪ ಈಗಲೂ ದಿನಾ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ, ಆದರೆ ಕೈ ನಡುಗುತ್ತದೆ, ತಾಮ್ರದ ತಂತಿ ಸುತ್ತಲು ಆಗುವುದಿಲ್ಲ. ನುಜಹತ್‌ಗೆ ಮೂವತ್ತಾರು ವರ್ಷ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದಾಳೆ. ಗಂಡ ಖಲೀಲ್ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತ, ಮಗಳು ಅಫ್ಶೀನ್ ಎಂಟನೇ ಕ್ಲಾಸು. ಹೆಂಗಸೊಬ್ಬಳು ಮೋಟರ್ ಬಿಚ್ಚುತ್ತಾಳೆ ಎಂದು ಮೊದಮೊದಲು ಜನ ಅಂಗಡಿಯ ಮುಂದೆ ನಿಂತು ನೋಡುತ್ತಿದ್ದರು. ಈಗ ಯಾರೂ ನಿಲ್ಲುವುದಿಲ್ಲ, ಮೋಟರ್ ಇಳಿಸಿ ಎಂದಿಗೆ ಕೊಡ್ತೀರಿ ಎಂದು ಕೇಳಿ ಹೋಗುತ್ತಾರೆ.

ಪೀರ್‌ಸಾಬ್ ಮಗಳನ್ನು ಬೈಯುವುದು ಉರ್ದುವಿನಲ್ಲಿ, ಕೆಲಸ ಕಲಿಸಿದ್ದು ಕನ್ನಡದಲ್ಲಿ. ಕಲಿಸಿದ ಮೊದಲ ಪಾಠ ಫ್ಯೂಸಿನದು. ವಯಸ್ಸಿನಲ್ಲಿದ್ದಾಗ ಅವರು ಒಂದು ತೋಟದ ಬಾವಿಯ ಮೇಲೆ ಪಂಪು ರಿಪೇರಿ ಮಾಡುತ್ತ ಫ್ಯೂಸ್ ಕಿತ್ತು ಪಕ್ಕದ ಕಟ್ಟೆಯ ಮೇಲೆ ಇಟ್ಟಿದ್ದರು. ಅತ್ತ ಬಂದ ಯಾರೋ ಉಪಕಾರಿ, ಅಯ್ಯೋ ಫ್ಯೂಸ್ ಬಿದ್ದುಹೋಗಿದೆ ಎಂದು ಎತ್ತಿ ಸಿಕ್ಕಿಸಿದ. ಪೀರ್‌ಸಾಬರ ಎಡಗೈಯ ತೋರುಬೆರಳು ಅಂದಿನಿಂದ ಅರ್ಧವೇ ಇದೆ. “ಕಿತ್ತ ಫ್ಯೂಸ್ ಪಕ್ಕಕ್ಕಿಡಬ್ಯಾಡ. ಪಕ್ಕಕ್ಕಿಟ್ಟಿದ್ದನ್ನ ಇನ್ನೊಬ್ರು ಹಾಕ್ತಾರೆ. ನಿನ್ನ ಜೇಬಲ್ಲಿ ಹಾಕ್ಕೋ” ಎಂದು ಆ ಅರ್ಧ ಬೆರಳನ್ನೇ ಅಲ್ಲಾಡಿಸಿ ಹೇಳುತ್ತಿದ್ದರು. ಅದಕ್ಕೇ ಅವಳು ಚೂಡಿದಾರ ಹೊಲಿಸುವಾಗಲೆಲ್ಲ ಬಲಗಡೆ ಆಳವಾದ ಒಂದು ಜೇಬು ಇಡಿಸುತ್ತಾಳೆ. ದರ್ಜಿಗೆ ಇದೊಂದು ತಮಾಷೆ.

ನ್ಯಾಮತಿಯಿಂದ ಹೊನ್ನಾಳಿ ಕಡೆ ಹೋಗುವ ದಾರಿಯ ಒಂದು ಊರಿನ ಮುರುಗೇಶಪ್ಪನವರು ಪೀರ್‌ಸಾಬರ ಹಳೆಯ ಗಿರಾಕಿ. ಅಡಿಕೆ ಬೇಯಿಸಿ ಒಣಗಿಸುವ ಹೊತ್ತಿಗೇ ಸರಿಯಾಗಿ ಮೋಡ ಕವಿಯುತ್ತದೆಂದು ಮನೆಯ ಹಿತ್ತಲಲ್ಲೇ ದೊಡ್ಡ ಡ್ರೈಯರ್ ಕಟ್ಟಿಸಿದರು. ಒಲೆಯ ಬಿಸಿಗಾಳಿಯನ್ನು ಆಳೆತ್ತರದ ಫ್ಯಾನೊಂದು ಎಳೆದು ಅಡಿಕೆಯ ತಟ್ಟೆಗಳಿಗೆ ಊದುತ್ತದೆ. ಕಾವು ಹೆಚ್ಚಾದರೆ ಅಡಿಕೆ ಸೀಳು ಬಿಡುತ್ತದೆ, ಕಡಿಮೆಯಾದರೆ ಬೂಷ್ಟು. ಜಗಲಿಯಲ್ಲಿ ಕೂತೇ ಕಾವು ನೋಡುವ ಹಾಗೆ ಆಗಬೇಕು ಎಂದರು. ನುಜಹತ್ ಪೆಟ್ಟಿಗೆ ಮಾಡಿದಳು. ಇದೊಂದು ಸರಿಯಾಗಿ ನಡೆದರೆ ಅವರ ಬೀಗರು, ನೆಂಟರು ಸೇರಿ ಇನ್ನೂ ನಾಲ್ಕು ಡ್ರೈಯರ್‌ಗಳಿಗೆ ಪೆಟ್ಟಿಗೆ ಬೇಕೆಂದು ಮಾತಾಗಿತ್ತು. ತಂತಿ ಸುತ್ತುವ ಕೆಲಸ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಅಂಗಡಿ ಉಳಿಯುವುದಿದ್ದರೆ ಈ ಪೆಟ್ಟಿಗೆಯಿಂದಲೇ ಎಂದು ಅವಳು ಲೆಕ್ಕ ಹಾಕಿದ್ದಳು.

ಕೂರಿಸುವ ದಿನ ಪೂಜೆ. ಡ್ರೈಯರ್‌ಗೆ ಪೂಜೆ, ಫ್ಯಾನಿಗೆ ಪೂಜೆ, ಪೆಟ್ಟಿಗೆಗೂ ಪೂಜೆ. ಬೂದುಗುಂಬಳಕಾಯಿ ಒಡೆದದ್ದಾಯಿತು. ಮೊದಲ ಸಲ ಚಾಲೂ ಮಾಡುವುದು ಯಾರು ಎಂಬ ಮಾತೇ ಬರಲಿಲ್ಲ. ಮುರುಗೇಶಪ್ಪನವರ ತಾಯಿ ಕಸ್ತೂರಮ್ಮನ ಕೈಗುಣ ಊರಿಗೇ ಗೊತ್ತು. ಬೀಜಕ್ಕೆ ಕೈ ಹಾಕುವುದಿರಲಿ, ಹೊಸ ಒಲೆ ಹಚ್ಚುವುದಿರಲಿ, ಎಮ್ಮೆಯ ಮೊದಲ ಹಾಲು ಕರೆಯುವುದಿರಲಿ, ಅಕ್ಕಪಕ್ಕದವರೂ ಆ ಮುದುಕಿಯನ್ನು ಕರೆದೊಯ್ಯುತ್ತಿದ್ದರು. ಕಸ್ತೂರಮ್ಮ ಸೆರಗಿಗೆ ಬೆರಳು ಒರೆಸಿಕೊಂಡು, ಶರಣು ಎಂದು ಫೋನಿನ ಹಸಿರನ್ನು ಒತ್ತಿದರು. ಹಿತ್ತಲಲ್ಲಿ ಫ್ಯಾನು ಬುರ್ರೆಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೊಮ್ಮಗ ವಿನಯ್ ಕುಮಾರ್ ಹೊನ್ನಾಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಫೋನಿನಲ್ಲಿ ಚುರುಕು. ಅಜ್ಜಿಗೆ ವಿಳಾಸ ಒತ್ತಲು ಬಾರದಲ್ಲ ಎಂದು, ಆಗ ತೆರೆದಿದ್ದ ಪುಟವನ್ನೇ ಹಿಡಿದು ಫೋನಿನ ಮುಖದ ಮೇಲೆ ಒಂದು ಗುರುತಾಗಿ ಇಟ್ಟುಕೊಟ್ಟ. ಗುರುತನ್ನು ಮುಟ್ಟಿದರೆ ಪುಟ ಬರುತ್ತದೆ. “ಅಜ್ಜಿ ಕೈಗುಣದ್ದು, ಇದೇ ಇರ್ಲಿ” ಎಂದು ಅಪ್ಪನ ಫೋನಿಗೂ, ಹೆಂಡತಿ ರೂಪಶ್ರೀಯ ಫೋನಿಗೂ ಅದನ್ನೇ ಇಟ್ಟ. ನುಜಹತ್ ಅಲ್ಲೇ ಕೂತು ಹೋಳಿಗೆ ತಿನ್ನುತ್ತ ಇದನ್ನೆಲ್ಲ ನೋಡಿದಳು. ಒಳ್ಳೆಯದೇ ಆಯಿತು, ಇನ್ನು ವಿಳಾಸ ಮರೆತೆ ಎಂದು ಯಾರೂ ಫೋನ್ ಮಾಡುವುದಿಲ್ಲ ಎಂದುಕೊಂಡಳು.

ಮೂರು ವಾರ ಯಾರೂ ಮಾಡಲಿಲ್ಲ. ನಾಲ್ಕನೆಯ ವಾರ ಮುರುಗೇಶಪ್ಪನವರೇ ಮಾಡಿದರು.

“ನುಜಹತಮ್ಮ, ಫ್ಯಾನು ತಾನಾಗೇ ಶುರು ಆಗ್ತೈತೆ ಅಂತಾಳೆ ನಮ್ಮ ಅಂಜಿನಮ್ಮ. ನಿನ್ನೆ ಕೈಗೆ ಬಡ್ದೈತೆ. ಬಂದು ನೋಡಮ್ಮ.”

ಅಂಜಿನಮ್ಮ ಡ್ರೈಯರ್ ನೋಡಿಕೊಳ್ಳುವ ಹೆಂಗಸು. ಒಲೆಗೆ ಹಾಕುವ ಅಡಿಕೆ ಸಿಪ್ಪೆಯ ನಾರು ಗಾಳಿಗೆ ಹಾರಿ ಫ್ಯಾನಿನ ಬಾಯಿಗೆ ಕಟ್ಟಿಕೊಳ್ಳುತ್ತದೆ. ದಿನಕ್ಕೆರಡು ಸಲ ಮಿಷನ್ನಿನ ಮೇಲಿನ ಕೆಂಪು ಗುಂಡಿ ಒತ್ತಿ ಫ್ಯಾನು ನಿಲ್ಲಿಸಿ, ಅದರ ಬಾಯಿಗೆ ಕೈ ಹಾಕಿ ನಾರು ಎಳೆದು, ಮತ್ತೆ ಹಸಿರು ಗುಂಡಿ ಒತ್ತುವುದು ಅವಳ ಕೆಲಸ. ಕೈ ಒಳಗಿದ್ದಾಗಲೇ ಫ್ಯಾನು ತಿರುಗಿತು ಎನ್ನುತ್ತಿದ್ದಳು. ಅದೂ ಮೂರನೆಯ ಸಲ. ಮೊದಲೆರಡು ಸಲ ಕೈ ಹೊರಗಿತ್ತು, ವಿನಯನಿಗೆ ಹೇಳಿದಳು, ಕರೆಂಟು ಹೋಗಿ ಬಂದಿರಬೇಕು ಎಂದು ಅವನು ತಳ್ಳಿಹಾಕಿದ. ಮೂರನೆಯ ಸಲ ಬಳೆಗಳು ಪುಡಿಯಾಗಿ ಮಣಿಕಟ್ಟು ಬಾತುಕೊಂಡಿತು.

ಚನ್ನಗಿರಿಯಿಂದ ಅಲ್ಲಿಗೆ ಹೋಗುವುದೆಂದರೆ ಎರಡು ಬಸ್ಸು. ನುಜಹತ್ ಚೀಲ ಹೊತ್ತುಕೊಂಡು ಹೋದಳು. ದಾರಿಯುದ್ದಕ್ಕೂ ಅವಳಿಗೆ ಸಿಟ್ಟು. ಕರೆಂಟು ಹೋಗಿ ಬಂದರೆ ತಾನಾಗಿ ಶುರುವಾಗದ ಹಾಗೆ ಅವಳೇ ಮಾಡಿದ್ದಳು, ನಲವತ್ತು ಸಲ ಕಿತ್ತು ಹಾಕಿ ಪರೀಕ್ಷೆ ಮಾಡಿದ್ದಳು. ತಾನಾಗಿ ತಿರುಗಲು ಅದೇನು ದೆವ್ವವೇ?

ಆ ದಿನ ಹಿತ್ತಲಲ್ಲಿ ಜಾತ್ರೆ. ಮನೆಯವರೆಲ್ಲ ಬಂದು ಸುತ್ತ ನಿಂತರು. ಕಸ್ತೂರಮ್ಮನೂ ಕುರ್ಚಿ ಹಾಕಿಸಿಕೊಂಡು ಕೂತರು. ನುಜಹತ್ ಮೀಟರ್ ಬೋರ್ಡಿನಲ್ಲಿ ಫ್ಯಾನಿನ ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಪೆಟ್ಟಿಗೆ ಬಿಚ್ಚಿ, ಒಂದೊಂದು ವಯರನ್ನೂ ಎಳೆದು ನೋಡಿದಳು. ಎಲ್ಲ ಸರಿಯಾಗಿತ್ತು. ಫ್ಯೂಸ್ ಮತ್ತೆ ಹಾಕಿ, ಫ್ಯಾನು ನಿಲ್ಲಿಸಿಟ್ಟು ಮಧ್ಯಾಹ್ನದವರೆಗೂ ಕಾದರೂ ಏನೂ ತಾನಾಗಿ ಶುರುವಾಗಲಿಲ್ಲ. ಪೆಟ್ಟಿಗೆ ಬರೆದಿಟ್ಟುಕೊಂಡಿದ್ದನ್ನು ತೆರೆದಳು. ಹಿಂದಿನ ದಿನ ಹನ್ನೊಂದೂ ಇಪ್ಪತ್ತಕ್ಕೆ ಬಂದ್ ಎಂಬ ಅಪ್ಪಣೆ ಬಂದಿದೆ. ಹನ್ನೊಂದೂ ಇಪ್ಪತ್ತೆರಡಕ್ಕೆ ಚಾಲೂ ಎಂಬ ಅಪ್ಪಣೆ ಬಂದಿದೆ. ಯಾರಿಂದ ಬಂತು ಎಂದು ಬರೆದಿಡಲು ಅವಳು ಅದಕ್ಕೆ ಹೇಳಿಕೊಟ್ಟಿರಲಿಲ್ಲ.

“ಫೋನಿಂದ ಯಾರಾದ್ರೂ ಒತ್ತಿದ್ರಾ?” ಎಂದು ಕೇಳಿದಳು.

ಯಾರೂ ಒತ್ತಿಲ್ಲ. ಮುರುಗೇಶಪ್ಪನವರು ಒತ್ತಿಲ್ಲ, ವಿನಯ್ ಅಂಗಡಿಯಲ್ಲಿದ್ದ, ರೂಪಶ್ರೀ ಅಡುಗೆಮನೆಯಲ್ಲಿದ್ದಳು. ಕಸ್ತೂರಮ್ಮ, “ನಾನು ಬರೇ ನೋಡಾದು ಕಣವ್ವ, ಒತ್ತಾಕೆ ಹೋಗಲ್ಲ” ಎಂದರು.

ಉಳಿದದ್ದು ಮಿಷನ್ನಿನ ಮೇಲಿನ ಹಸಿರು ಗುಂಡಿ. ಅದು ಫ್ಯಾನಿನ ಬಾಯಿಯಿಂದ ಒಂದು ಮೊಳ ದೂರ. ಬಗ್ಗಿದವರ ಮೊಣಕೈ ತಾಗುವಷ್ಟು ಹತ್ತಿರ.

“ತಾನಾಗೇ ಶುರು ಆಗಾಕೆ ಬರಲ್ಲಮ್ಮ. ಅಪ್ಪಣೆ ಬಂದೈತೆ ಅಂತ ಪೆಟ್ಟಿಗೆಯಾಗೆ ಬರೆದೈತೆ. ನಿಮ್ಮ ಮೊಣಕೈನೋ ಸೆರಗೋ ತಾಗಿರ್ತೈತೆ” ಎಂದು ನುಜಹತ್ ಎಲ್ಲರ ಎದುರಿಗೇ ಅಂದಳು. ಬಸ್ಸಿನ ಧೂಳು, ಹಸಿವು, ಮನೆಯವರ ಸಂತೆ ಎಲ್ಲ ಸೇರಿ ದನಿಯಲ್ಲಿ ಖಾರ ಇತ್ತು.

ಅಂಜಿನಮ್ಮ ಐವತ್ತರ ಹತ್ತಿರದ ಬಡಕಲು ಹೆಂಗಸು. ಮಣಿಕಟ್ಟಿಗೆ ಅರಿಶಿನದ ಬಟ್ಟೆ ಕಟ್ಟಿಕೊಂಡಿದ್ದಳು. “ತಾಗಿಲ್ಲವ್ವ. ನಾನು ಆ ಕಡೆ ನಿಂತಿದ್ದೆ” ಎಂದಳು.

“ಪೆಟ್ಟಿಗೆ ಸುಳ್ಳು ಹೇಳಲ್ಲ.”

ಮುರುಗೇಶಪ್ಪನವರು ಅಂಜಿನಮ್ಮನಿಗೆ, ನಾಳೆಯಿಂದ ಫ್ಯಾನಿನ ಹತ್ತಿರ ಹೋಗಬೇಡ, ಕಣದಲ್ಲಿ ಅಡಿಕೆ ಹರವು, ಈ ಕೊಯ್ಲು ಮುಗಿದ ಮೇಲೆ ನೋಡೋಣ ಎಂದರು. ನೋಡೋಣ ಎಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮಲ್ಲಿ ಹೊಸದೇನಲ್ಲ. ಹಸಿರು ಗುಂಡಿಗೆ ಒಂದು ಮುಚ್ಚಳ ಹಾಕಿ ಕೊಡುತ್ತೇನೆ, ಮುಂದಿನ ಭಾನುವಾರ ಬರುತ್ತೇನೆ ಎಂದು ಹೇಳಿ ನುಜಹತ್ ಬಸ್ಸು ಹತ್ತಿದಳು.

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಪೀರ್‌ಸಾಬ್ ಕೊನೆಯವರೆಗೂ ಕೇಳಿಸಿಕೊಂಡರು. ತಾಯಿ ದಿಲ್‌ಶಾದ್ ಬೇಗಂ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಬಳೆ ಒಡೆದುಕೊಂಡು ಸುಳ್ಳು ಹೇಳಿ ಅವಳಿಗೇನು ಬರುತ್ತದೆ ಎಂದು ಕೇಳಿದರು.

“ಸುಳ್ಳು ಅಂತ ನಾನು ಅಂದಿಲ್ಲ. ಗೊತ್ತಾಗದೆ ತಾಗಿರುತ್ತೆ ಅಂದೆ” ಎಂದಳು ನುಜಹತ್, ರೇಗಿ.

ಪೀರ್‌ಸಾಬ್ ಒಂದೇ ಮಾತು ಕೇಳಿದರು. “ನೀನು ಕೈ ಹಾಕಿದಾಗ ಫ್ಯೂಸ್ ಎಲ್ಲಿತ್ತು?”

“ನನ್ನ ಜೇಬಲ್ಲಿ.”

“ಅವಳು ಹಾಕಿದಾಗ?”

ಕೂಲಿ ಹೆಂಗಸು ದಿನಕ್ಕೆರಡು ಸಲ ಮೀಟರ್ ಬೋರ್ಡಿಗೆ ಹೋಗಿ ಫ್ಯೂಸ್ ಕೀಳುತ್ತಾಳೆಯೇ, ಮುದುಕರಿಗೆ ಈಗಿನ ಮಿಷನ್ ಗೊತ್ತಾಗುವುದಿಲ್ಲ ಎಂದುಕೊಂಡು ನುಜಹತ್ ಎದ್ದು ಹೋದಳು. ಆದರೆ ಆ ಪ್ರಶ್ನೆ ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಉಳಿದುಕೊಂಡಿತು. ವಾರವಿಡೀ ಅಂಗಡಿಯಲ್ಲಿ ಎಲ್ಲರ ಮೇಲೂ ಹರಿಹಾಯ್ದಳು. ಜಗಳೂರಿನವನು ಫೋನ್ ಮಾಡಿದಾಗ ಎತ್ತಲೇ ಇಲ್ಲ.

ಭಾನುವಾರ ಅವಳು ಹೋದಾಗ ಹಿತ್ತಲಲ್ಲಿ ಜನ ಇರಲಿಲ್ಲ. ಆಚೆ ಕಣದಲ್ಲಿ ಅಂಜಿನಮ್ಮ ಕಟ್ಟು ಹಾಕಿದ ಕೈಯಲ್ಲೇ ಅಡಿಕೆ ಹರವುತ್ತಿದ್ದಳು. ಇವಳನ್ನು ನೋಡಿ ತಲೆ ಎತ್ತಿ, ಮತ್ತೆ ಬಗ್ಗಿದಳು. ನುಜಹತ್ ಕೆಂಪು ಗುಂಡಿ ಒತ್ತಿ ಫ್ಯಾನು ನಿಲ್ಲಿಸಿದಳು. ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿದಳು. ಪೆಟ್ಟಿಗೆಗೂ ಸ್ಟಾರ್ಟರಿಗೂ ಬೇರೆ ಕಡೆಯಿಂದ ಸಣ್ಣ ವಯರು ಇದ್ದುದರಿಂದ ಪೆಟ್ಟಿಗೆಯ ದೀಪ ಮಿನುಗುತ್ತಲೇ ಇತ್ತು. ಹಸಿರು ಗುಂಡಿಯನ್ನು ವಯರುಗಳಿಂದ ಬಿಡಿಸಿ ಪೂರ್ತಿ ಹೊರಕ್ಕೆ ತೆಗೆದು ಎಡಗೈಯಲ್ಲಿ ಹಿಡಿದುಕೊಂಡಳು. ಫ್ಯಾನಿನ ಬಾಯಿಯಲ್ಲಿ ಒಂದು ಹಿಡಿ ನಾರು ಕಟ್ಟಿಕೊಂಡಿತ್ತು. ಬಂದದ್ದಕ್ಕೆ ಇದನ್ನೂ ತೆಗೆಯೋಣ ಎಂದು ಬಲಗೈಯನ್ನು ಮೊಣಕೈವರೆಗೆ ಒಳಗೆ ತೂರಿಸಿದಳು.

ಅವಳ ಕಿವಿಯ ಪಕ್ಕದಲ್ಲೇ ಇದ್ದ, ಫ್ಯಾನಿಗೆ ಕರೆಂಟು ಬಿಡುವ ಸ್ಟಾರ್ಟರ್ ‘ಟಕ್’ ಎಂದು ಎಳೆದುಕೊಂಡಿತು.

ಫ್ಯಾನು ತಿರುಗಲಿಲ್ಲ. ತಿರುಗಲು ಅದಕ್ಕೆ ಕರೆಂಟೇ ಇರಲಿಲ್ಲ, ಫ್ಯೂಸ್‌ಗಳು ಅವಳ ಜೇಬಿನಲ್ಲಿದ್ದವು. ಆದರೆ ಆ ಟಕ್ ಎಂದರೆ ತಿರುಗು ಎಂಬ ಅಪ್ಪಣೆ. ನುಜಹತ್ ಕೈಯನ್ನು ಹೊರಕ್ಕೆಳೆದುಕೊಂಡಳು. ಹಸಿರು ಗುಂಡಿ ಅವಳ ಎಡಗೈಯಲ್ಲೇ ಇತ್ತು, ಯಾವ ವಯರಿಗೂ ತಾಗದೆ, ಸತ್ತ ದುಂಬಿಯ ಹಾಗೆ. ಯಾರ ಮೊಣಕೈಯೂ ಇರಲಿಲ್ಲ. ಯಾರ ಸೆರಗೂ ಇರಲಿಲ್ಲ.

ಅವಳಿಗೆ ಮೊದಲು ಬಂದದ್ದು ಹೆದರಿಕೆ. ಅದರ ಹಿಂದೆಯೇ ನಾಚಿಕೆ. ಒಂದು ವಾರದ ಹಿಂದೆ ಇದೇ ಜಾಗದಲ್ಲಿ ನಿಂತು ಪೆಟ್ಟಿಗೆ ಸುಳ್ಳು ಹೇಳಲ್ಲ ಎಂದದ್ದು ತಾನೇ ಎಂದು ನೆನಪಾಗಿ ಮುಖ ಸುಟ್ಟಂತಾಯಿತು.

ಓಡಿದ ಹಾಗೆ ಜಗಲಿಗೆ ಬಂದಳು. ಕಸ್ತೂರಮ್ಮ ಕನ್ನಡಕ ಏರಿಸಿಕೊಂಡು ಫೋನನ್ನು ದೂರಕ್ಕೆ ಹಿಡಿದು ನೋಡುತ್ತಿದ್ದರು.

“ಏನು ಒತ್ತಿದ್ರಿ ಅಜ್ಜಿ?”

“ಏನೂ ಒತ್ತಿಲ್ಲ ಕಣವ್ವ. ಫ್ಯಾನಿನ ಸದ್ದು ನಿಂತೋತಲ್ಲ, ಯಾಕೆ ನಿಂತೋತು ಅಂತ ನೋಡ್ದೆ. ಯಾವಾಗ್ಲೂ ಹಂಗೇ ಮಾಡ್ತೀನಿ. ಸದ್ದು ನಿಂತ್ರೆ ಜೀವ ತಡಿಯಲ್ಲ.”

“ಹೆಂಗೆ ನೋಡಿದ್ರಿ, ತೋರಿಸ್ರಿ.”

ಕಸ್ತೂರಮ್ಮ ವಿನಯ್ ಇಟ್ಟುಕೊಟ್ಟ ಗುರುತನ್ನು ಮುಟ್ಟಿದರು. ಪುಟ ತೆರೆಯಿತು. ನುಜಹತ್ ಪುಟವನ್ನು ನೋಡಲಿಲ್ಲ, ಮೇಲಿದ್ದ ವಿಳಾಸ ನೋಡಿದಳು. ಅಂಕಿಗಳ ಕೊನೆಗೆ ಒಂದು ಓರೆ ಗೆರೆ. ಓರೆ ಗೆರೆಯ ಮುಂದೆ ಇಂಗ್ಲಿಷಿನಲ್ಲಿ ‘ಸ್ಟಾರ್ಟ್’.

ಅಲ್ಲಿಗೆ ಎಲ್ಲ ತಿಳಿಯಿತು. ಹಸಿರು ಒತ್ತಿದಾಗ ಫೋನು ಈ ಬಾಲವಿರುವ ವಿಳಾಸವನ್ನು ಪೆಟ್ಟಿಗೆಗೆ ಕಳಿಸುತ್ತದೆ. ಪೆಟ್ಟಿಗೆ ಬಾಲ ನೋಡಿ ಫ್ಯಾನು ಹಾಕುತ್ತದೆ. ಒತ್ತಿ ಬಂದದ್ದೋ ಸುಮ್ಮನೆ ತೆರೆದದ್ದೋ ಅದಕ್ಕೆ ಬೇಕಿಲ್ಲ. ಪೂಜೆಯ ದಿನ ಕಸ್ತೂರಮ್ಮ ಹಸಿರು ಒತ್ತಿದ ಮರುಕ್ಷಣ ವಿನಯ್ ಹಿಡಿದಿಟ್ಟದ್ದು ಪುಟವನ್ನಲ್ಲ, ಆ ಅಪ್ಪಣೆಯನ್ನೇ. ಫ್ಯಾನು ತಿರುಗುತ್ತಿರುವಾಗ ಅದನ್ನು ಎಷ್ಟು ಸಲ ಮುಟ್ಟಿದರೂ ತೊಂದರೆ ಇಲ್ಲ, ತಿರುಗುವುದು ತಿರುಗುತ್ತಲೇ ಇರುತ್ತದೆ. ನಿಂತಾಗ ಮುಟ್ಟಿದರೆ ಶುರು. ಫ್ಯಾನು ನಿಲ್ಲುವುದು ಅಂಜಿನಮ್ಮ ಕೈ ಹಾಕುವಾಗ ಮಾತ್ರ. ಸದ್ದು ನಿಂತ ಕೂಡಲೇ ಅಜ್ಜಿ ನೋಡುತ್ತಾರೆ. ದಿನಕ್ಕೆರಡು ಸಲ ನಡೆಯಬೇಕಾದ ಅನಾಹುತ ಮೂರೇ ಸಲ ನಡೆದದ್ದು ಏಕೆಂದರೆ, ಉಳಿದ ದಿನ ಅಜ್ಜಿಯ ಫೋನು ನೆಟ್ ಇಲ್ಲವೆಂದು ಮುನಿಸಿಕೊಂಡು ವೈಫೈ ಬಿಟ್ಟು ಹೋಗಿರುತ್ತಿತ್ತು. ಯಾವುದನ್ನು ಶಪಿಸುತ್ತಿದ್ದಳೋ ಅದೇ ಅಂಜಿನಮ್ಮನ ಕೈ ಉಳಿಸಿತ್ತು.

ವಿನಯನನ್ನು ಬೈಯೋಣವೆಂದರೆ ಅವನ ತಪ್ಪಲ್ಲ. ಅಜ್ಜಿಯದಂತೂ ಮೊದಲೇ ಅಲ್ಲ. ನೋಡುವುದಕ್ಕೂ ಮಾಡುವುದಕ್ಕೂ ಒಂದೇ ಬಾಗಿಲು ಇಟ್ಟವಳು ನುಜಹತ್. ಹಾಗೆ ಇಡಬಾರದೆಂದು ಅವಳಿಗೆ ಗೊತ್ತಿತ್ತು. ಅಂಗಡಿಯ ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಬೇಗ ಆಗಲಿ ಎಂದು ಪೆಟ್ಟಿಗೆಯ ಪ್ರೋಗ್ರಾಮನ್ನು ಸುಲಭದ ದಾರಿಯಲ್ಲಿ ಬರೆದಿದ್ದಳು. ಆಮೇಲೆ ಸರಿ ಮಾಡೋಣ ಎಂದು ಬಿಟ್ಟದ್ದು ಹಾಗೇ ಪೆಟ್ಟಿಗೆಯ ಒಳಗೆ ಹೋಗಿ, ಪೂಜೆ ಮಾಡಿಸಿಕೊಂಡು ಕೂತಿತ್ತು.

ಮುಚ್ಚಿಡಬಹುದಿತ್ತು. ಹೊಸದಾಗಿ ಬರೆದು ಹಾಕಿ, ಗುಂಡಿಗೆ ಮುಚ್ಚಳ ಹಾಕಿದೆ, ಇನ್ನು ಆಗುವುದಿಲ್ಲ ಎಂದು ಹೇಳಿ ಹೋದರೆ ಈ ಊರಿನಲ್ಲಿ ಯಾರಿಗೆ ಗೊತ್ತಾಗುತ್ತದೆ? ನಾಲ್ಕು ಪೆಟ್ಟಿಗೆಗಳ ಮಾತು ಹಾಗೇ ಉಳಿಯುತ್ತಿತ್ತು. ಅಂಗಡಿಯೂ ಉಳಿಯುತ್ತಿತ್ತು. ಜಗಲಿಯ ಕಂಬಕ್ಕೆ ಒರಗಿ ಒಂದು ನಿಮಿಷ ಇದನ್ನೂ ಯೋಚಿಸಿದಳು, ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ಕಣದ ಕಡೆ ಅಂಜಿನಮ್ಮ ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತದ್ದು ಕಾಣಿಸಿತು. ನುಜಹತ್ ಮುರುಗೇಶಪ್ಪನವರನ್ನು ಕರೆದಳು, ಒಳಗಿದ್ದ ರೂಪಶ್ರೀಯನ್ನೂ ಕರೆದಳು, ಎಲ್ಲರನ್ನೂ ಕರೆದುಕೊಂಡು ಕಣಕ್ಕೆ ಹೋದಳು. ಎಲ್ಲರ ಎದುರಿಗೆ ಅಂದದ್ದನ್ನು ಎಲ್ಲರ ಎದುರಿಗೇ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು.

“ಅಂಜಿನಮ್ಮ, ನಿಮ್ಮ ಮೊಣಕೈ ತಾಗಿರಲಿಲ್ಲ. ಫ್ಯಾನು ತಾನಾಗೇ ಶುರು ಆಗಿತ್ತು. ತಪ್ಪು ನಂದು. ಪೆಟ್ಟಿಗೆಗೆ ನಾನು ಬರೆದಿದ್ರಾಗೇ ತಪ್ಪಿತ್ತು” ಎಂದಳು.

ಅಂಜಿನಮ್ಮ ಅವಳ ಮುಖ ನೋಡಿದಳು. ಸಿಟ್ಟಿನಿಂದಲ್ಲ, ಬೇಸರದಿಂದ.

“ನಾನು ಮೂರ್ ಸಲ ಹೇಳ್ದೆ ಕಣವ್ವ. ಮೂರ್ ಸಲನೂ ಯಾರೂ ನಂಬ್ಲಿಲ್ಲ. ಆ ಡಬ್ಬಿ ಒಂದ್ ಸಲ ಹೇಳಿದ್ದಕ್ಕೆ ನಂಬಿದ್ರಿ.”

ಮುರುಗೇಶಪ್ಪನವರು “ಪೀರ್‌ಸಾಬ್ರ ಮಗಳು ಅಂತ ಕಣ್ಮುಚ್ಚಿ ಹಾಕಿಸಿದ್ದೆ” ಎಂದಷ್ಟೇ ಹೇಳಿ ಒಳಗೆ ಹೋದರು. ಅದಕ್ಕಿಂತ ನಾಲ್ಕು ಬೈದಿದ್ದರೆ ವಾಸಿಯಿತ್ತು. ಕಸ್ತೂರಮ್ಮ ತಮ್ಮ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತ, “ನನ್ನ ಕೈಯಿಂದ ಹಿಂಗಾತಲ್ಲ ಶಿವನೇ” ಎನ್ನುತ್ತಿದ್ದರು. ನಿಮ್ಮ ಕೈಯಿಂದಲ್ಲ ಅಜ್ಜಿ, ನನ್ನ ಕೈಯಿಂದ ಎಂದು ಅವರಿಗೆ ಎರಡೆರಡು ಸಲ ಹೇಳಬೇಕಾಯಿತು.

ಆಮೇಲೆ ಅವಳು ಮಧ್ಯಾಹ್ನದ ಊಟವನ್ನೂ ಮಾಡದೆ ಕಣದಂಚಿನಲ್ಲಿ ಬುಟ್ಟಿ ಮಗುಚಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತಳು. ಪುಟ ತೆರೆದರೆ ಬರೇ ಕಾಣಬೇಕು, ಏನೂ ನಡೆಯಬಾರದು. ಚಾಲೂ ಒತ್ತಿದರೆ, ಫ್ಯಾನಿನ ಹತ್ತಿರ ಯಾರಾದರೂ ಇದ್ದಾರೆಯೇ ಎಂದು ಕೇಳಬೇಕು, ಇಲ್ಲ ಎಂದು ಮತ್ತೊಮ್ಮೆ ಒತ್ತಿದರೆ ಮಾತ್ರ ಅಪ್ಪಣೆ. ಯಾವ ಫೋನಿನಿಂದ ಬಂತೋ, ಗುಂಡಿಯಿಂದ ಬಂತೋ ಎಂದೂ ಬರೆದಿಡಬೇಕು. ಮನೆಯ ಎಲ್ಲ ಫೋನುಗಳಿಂದ ಆ ಗುರುತನ್ನು ಅವಳೇ ಕೂತು ಅಳಿಸಿದಳು. ವಿನಯ್ ಅದನ್ನು ದಾವಣಗೆರೆಯಿಂದ ಬಂದಿದ್ದ ಅತ್ತಿಗೆಯ ಫೋನಿಗೂ ಇಟ್ಟುಕೊಟ್ಟಿದ್ದನೆಂದು ಗೊತ್ತಾದಾಗ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಅಷ್ಟೆಲ್ಲ ಆದ ಮೇಲೂ ಅವಳಿಗೆ ಸಮಾಧಾನವಾಗಲಿಲ್ಲ. ತಾನು ಬರೆದದ್ದರ ಮೇಲೆ ಅವಳಿಗೇ ನಂಬಿಕೆ ಹೋಗಿತ್ತು. ಚೀಲ ತಡಕಿ ಒಂದು ಪಿಂಗಾಣಿ ಫ್ಯೂಸ್ ತೆಗೆದಳು. ಸ್ಟಾರ್ಟರಿಗೆ ಹೋಗುವ ವಯರಿನ ನಡುವೆ, ಫ್ಯಾನಿನ ಬಾಯಿಯ ಪಕ್ಕದಲ್ಲೇ, ಕೈಗೆಟುಕುವ ಎತ್ತರದಲ್ಲಿ ಅದನ್ನು ಕೂರಿಸಿದಳು. ಅದನ್ನು ಕಿತ್ತರೆ ಸ್ಟಾರ್ಟರ್ ಅಲ್ಲಾಡುವುದಿಲ್ಲ. ಫೋನಿನಿಂದ ಒತ್ತಲಿ, ಗುಂಡಿ ಒತ್ತಲಿ, ಬ್ರಹ್ಮನೇ ಬಂದು ಒತ್ತಲಿ. 

ಅಂಜಿನಮ್ಮನನ್ನು ಕರೆದು ತೋರಿಸಿದಳು. “ಕೈ ಹಾಕಾಕೆ ಮುಂಚೆ ಇದನ್ನ ಕೀಳ್ರಿ. ಕಿತ್ತು ಪಕ್ಕಕ್ಕಿಡಬ್ಯಾಡ್ರಿ. ನಿಮ್ಮ ಹತ್ರನೇ ಇಟ್ಕೊಳ್ರಿ. ಯಾರು ಕೇಳಿದ್ರೂ ಕೊಡಬ್ಯಾಡ್ರಿ.”

“ಯಜಮಾನ್ರು ಕೇಳಿದ್ರೆ?”

“ಅವರಿಗೂ ಕೊಡಬ್ಯಾಡ್ರಿ. ನಾನೇ ಕೇಳಿದ್ರೂ ಕೊಡಬ್ಯಾಡ್ರಿ.”

ಅಂಜಿನಮ್ಮ ಬಾತ ಕೈಯಿಂದ ಫ್ಯೂಸನ್ನು ಒಂದು ಸಲ ಕಿತ್ತು, ಒಂದು ಸಲ ಹಾಕಿ, ಮತ್ತೆ ಕಿತ್ತಳು. ಸೊಂಟದಿಂದ ಎಲಡಿಕೆ ಸಂಚಿ ಬಿಚ್ಚಿ ಸುಣ್ಣದ ಡಬ್ಬಿಯ ಪಕ್ಕ ಅದನ್ನು ಇಟ್ಟು, ದಾರ ಎಳೆದು, ಸಂಚಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುರುಗೇಶಪ್ಪನವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಾರನೆಯ ದಿನದಿಂದ ಅಂಜಿನಮ್ಮ ಮತ್ತೆ ಡ್ರೈಯರ್ ನೋಡಿಕೊಳ್ಳುತ್ತಿದ್ದಾಳೆ ಎಂದು ವಿನಯನ ಬಾಯಿಂದ ಗೊತ್ತಾಯಿತು. ನಾಲ್ಕು ಪೆಟ್ಟಿಗೆಗಳ ಮಾತನ್ನು ಯಾರೂ ಎತ್ತಲಿಲ್ಲ, ನುಜಹತ್ ಕೇಳಲೂ ಇಲ್ಲ. ಜಗಳೂರಿಗೆ ಮಾತ್ರ ತಾನಾಗೇ ಹೋದಳು. ನೆಟ್ ಬಂತಾ ಮೇಡಂ ಎಂದು ಎದುರುಗೊಂಡವನಿಗೆ ಇಲ್ಲ ಎಂದು ಹೇಳಿ, ಅವನ ಪೆಟ್ಟಿಗೆಗೂ ಹೊಸದಾಗಿ ಬರೆದು, ಪಕ್ಕದಲ್ಲಿ ಒಂದು ಪಿಂಗಾಣಿ ಫ್ಯೂಸ್ ಕೂರಿಸಿ ಬಂದಳು.

ಅಪ್ಪನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಪೀರ್‌ಸಾಬ್ ಕೇಳಿ, ಒಂದು ಸಲ ಉರ್ದುವಿನಲ್ಲಿ ಬೈದು, ಆಮೇಲೆ ಕೈ ತೋರಿಸು ಎಂದರು. ಅವಳ ಬಲಗೈಯ ಐದೂ ಬೆರಳುಗಳನ್ನು ತಮ್ಮ ನಡುಗುವ ಕೈಯಿಂದ ಒಂದೊಂದಾಗಿ ಮುಟ್ಟಿ ನೋಡಿ, ಬಿಟ್ಟರು.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ, ಮೋಟರಿನ ಒಳಗೆ ಎರಡೂ ಕೈ ಇದ್ದಾಗಲೇ ಅವಳ ಫೋನು ಬಡಿದುಕೊಂಡಿತು. ಕಸ್ತೂರಮ್ಮ. ಮತ್ತೆ ಏನು ಗ್ರಹಚಾರವೋ ಎಂದು ಗೊಣಗುತ್ತ ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದಳು.

“ನುಜಹತಮ್ಮ, ನಿನ್ನ ಡಬ್ಬಿ ಕೆಟ್ಟೈತೆ ಕಣವ್ವ. ಒತ್ತಿದ್ರೆ ಯಾರಾದ್ರೂ ಅದಾರಾ ಅಂತ ಕೇಳ್ತೈತೆ. ಇಲ್ಲ ಅಂದೆ. ಆದ್ರೂ ತಿರುಗಲ್ಲ. ನಾಲ್ಕು ಸಲ ಒತ್ತಿದೆ.”

“ಅಂಜಿನಮ್ಮ ಎಲ್ಲಿ ಅದಾರೆ ಅಜ್ಜಿ?”

“ಹಿತ್ತಲಾಗೆ ಇರ್ಬೇಕು. ತಡಿ, ಕೇಳ್ತೀನಿ.” ಫೋನಿನ ಆಚೆ ಕಸ್ತೂರಮ್ಮ ಕೂಗಿದ್ದು ಕೇಳಿಸಿತು. ಫ್ಯಾನು ಯಾಕೆ ತಿರುಗುತ್ತಿಲ್ಲ, ಏನು ಮಾಡುತ್ತಿದ್ದೀಯ ಎಂದು.

ದೂರದಿಂದ, ಅವಸರವೇ ಇಲ್ಲದೆ, ಅಂಜಿನಮ್ಮನ ದನಿ ಬಂತು.

“ಕೈ ಒಳಗೈತೆ ಅಮ್ಮಾರೆ. ಫ್ಯೂಸು ನನ್ನ ಸಂಚಿಯಾಗೈತೆ. ನೀವು ಎಷ್ಟಾದ್ರೂ ಒತ್ಕೊಳ್ರಿ.”